ಪದಚರ್ಚೆ: ಪುಟ್ಟ ರೈಲುದೃಶ್ಯಕ್ಕೆ ‘ಸಜ್ಜಿಕೆ’ ಅನ್ನಬಹುದೇ?

ಒಂದು ಹಲಗೆ. ಅದರ ಮೇಲೆ ಗುಡ್ಡ, ಸುರಂಗದ ಬಾಯಿ, ನಾಲ್ಕು ಮರ, ಒಂದು ತುಂಡು ಹಳಿ, ಹಳಿಯ ಮೇಲೊಂದು ಗಾಡಿ. ಎಲ್ಲವೂ ಮೊಣಕೈಯುದ್ದದ ಜಾಗದಲ್ಲಿ. ಇದನ್ನು ಕೈಯಾರೆ ಕಟ್ಟುವವರು ‘ಮಾಡೆಲ್ ರೈಲ್ವೆ ಡಯೊರಾಮಾ’ ಎನ್ನುತ್ತಾರೆ. ಈ ಹವ್ಯಾಸದ ಬಗ್ಗೆ ಕನ್ನಡದಲ್ಲಿ ಬರೆಯಲು ಕೂತಿದ್ದೇನೆ. ಕೆಲವು ಪದಗಳು ದಾರಿ ಬಿಡುತ್ತಿಲ್ಲ. ಬಲ್ಲವರು ಹೇಳಬೇಕು.

ಮೊದಲು ‘ಮಾಡೆಲ್’. ಥಟ್ಟನೆ ಹೊಳೆಯುವುದು ‘ಮಾದರಿ’. ಆದರೆ ‘ಮಾದರಿ ಶಾಲೆ’, ‘ಮಾದರಿ ಗ್ರಾಮ’ ಅಂದಾಗ ನಮಗೆ ತೋಚುವುದು ಉಳಿದವರು ನೋಡಿ ಕಲಿಯಬೇಕಾದ ಶಾಲೆ, ಊರು. ‘ಮಾದರಿ ರೈಲು’ ಎಂದು ಬರೆದರೆ ಹೊತ್ತಿಗೆ ಸರಿಯಾಗಿ ಬರುವ, ಚೊಕ್ಕಟವಾದ ರೈಲು ಅಂತ ಓದಿಕೊಳ್ಳಬಹುದು. ‘ಆಟಿಕೆ ರೈಲು’ ಮಕ್ಕಳ ಕೈಗೆ ಕೊಡುವಂಥದ್ದು. ‘ಪುಟಾಣಿ ರೈಲು’ ಅಂದರೆ ಉದ್ಯಾನದಲ್ಲಿ ಮಕ್ಕಳು ಹತ್ತಿ ಕೂರುವುದು. ‘ಪ್ರತಿಕೃತಿ’ ಅರ್ಥದಲ್ಲಿ ಹತ್ತಿರವೇ, ಆದರೆ ತೂಕ ಜಾಸ್ತಿ. ನನಗೆ ‘ಕಿರುರೈಲು’ ಸಾಕು ಅನ್ನಿಸುತ್ತದೆ. ಕಿರುಚಿತ್ರ, ಕಿರುಗತೆ ಇರುವ ಹಾಗೆ. ಗಾತ್ರ ಚಿಕ್ಕದು, ಹುರುಳು ಚಿಕ್ಕದಲ್ಲ.

ಇದಕ್ಕೆ ಜೋಡಿಯಾಗಿ ‘ಪ್ರೊಟೊಟೈಪ್’ ಬರುತ್ತದೆ. ಇಲ್ಲಿ ನಿಜವಾಗಿ ಎಡವುವ ಅಪಾಯವಿದೆ. ಕನ್ನಡದಲ್ಲಿ ಈ ಪದಕ್ಕೆ ‘ಮೂಲಮಾದರಿ’ ಎಂದು ಬರೆಯುವುದು ರೂಢಿ. ಅಂದರೆ ಯಂತ್ರ ತಯಾರಿಸುವ ಮುನ್ನ ಮಾಡುವ ಮೊದಲ ಪ್ರಯೋಗದ ತುಣುಕು. ಕಿರುರೈಲಿನವರ ಬಾಯಲ್ಲಿ ಪ್ರೊಟೊಟೈಪ್ ಅಂದರೆ ಅದಲ್ಲ. ಹೊರಗೆ ನಿಜವಾಗಿ ಓಡುವ ದೊಡ್ಡ ರೈಲು. ಹಾಗಾಗಿ ಇದನ್ನು ‘ಅಸಲು’ ಎಂದು ಕರೆಯಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ‘ಅಸಲಿನಲ್ಲಿ ಈ ಬೋಗಿ 20 ಮೀಟರ್ ಉದ್ದ’ ಅಂದರೆ ಯಾರಿಗೂ ಗೊಂದಲ ಇರುವುದಿಲ್ಲ, ಅಲ್ವಾ?

ಈಗ ಮುಖ್ಯ ವಿಷಯ, ‘ಡಯೊರಾಮಾ’. ಗ್ರೀಕ್ ಮೂಲದ ಈ ಹೆಸರಿನಲ್ಲಿ ‘ಮೂಲಕ’ ಮತ್ತು ‘ನೋಟ’ ಎಂಬ ಎರಡು ಮಾತುಗಳಿವೆ. 1822ರಲ್ಲಿ ಪ್ಯಾರಿಸ್‌ನಲ್ಲಿ ಲೂಯಿ ಡಾಗೇರ್ ಮತ್ತು ಶಾರ್ಲ್ ಬೂತೋ ಸೇರಿ ಈ ಹೆಸರಿನ ಪ್ರದರ್ಶನಶಾಲೆ ತೆರೆದರು. ಬೆಳಕು ಹಾಯುವಂಥ ದೊಡ್ಡ ಬಟ್ಟೆಯ ಮೇಲೆ ಚಿತ್ರ ಬರೆದಿರುತ್ತಿತ್ತು. ಮುಂದಿನಿಂದ, ಹಿಂದಿನಿಂದ ಬೆಳಕು ಬದಲಿಸಿದರೆ ಹಗಲಿನ ನೋಟ ನೋಡನೋಡುತ್ತ ಇರುಳಾಗುತ್ತಿತ್ತು. 1839ರಲ್ಲಿ ಆ ಕಟ್ಟಡ ಸುಟ್ಟುಹೋಯಿತು. ಅದೇ ವರ್ಷ ಡಾಗೇರನ ಫೋಟೊ ತೆಗೆಯುವ ವಿಧಾನ ಲೋಕಕ್ಕೆ ಗೊತ್ತಾಯಿತು. ಮುಂದೆ ಡಯೊರಾಮಾ ಅನ್ನುವ ಹೆಸರು ಬಟ್ಟೆ ಬಿಟ್ಟು ಹಲಗೆಗೆ ಬಂತು. ಮುಂದೆ ಗೊಂಬೆ, ಮರ, ಮನೆಗಳು, ಹಿಂದೆ ಬರೆದ ಆಕಾಶ ಇರುವ ಮೂರು ಆಯಾಮದ ದೃಶ್ಯಕ್ಕೆ ಅದೇ ಹೆಸರಾಯಿತು.

ಇದಕ್ಕೆ ಕನ್ನಡದಲ್ಲಿ ಏನನ್ನೋಣ? ‘ಸ್ತಬ್ಧಚಿತ್ರ’ ಮೆರವಣಿಗೆಯ ಪಾಲಾಗಿದೆ. ಅಲ್ಲದೆ ಅದರೊಳಗೇ ‘ಸ್ತಬ್ಧ’ ಇದೆ. ನಮ್ಮ ರೈಲು ಓಡಬೇಕಲ್ಲ. ‘ಕಿರುನೋಟ’ ಕೇಳಲು ಚೆಂದ, ಆದರೆ ‘ಇತಿಹಾಸದ ಕಿರುನೋಟ’ ಎನ್ನುವಲ್ಲಿ ಅದು ಆಗಲೇ ದುಡಿಯುತ್ತಿದೆ. ‘ಸೀನರಿ’ ಮಾತಿನಲ್ಲಿ ಚೆನ್ನಾಗಿ ಬೇರೂರಿದೆ, ಅದನ್ನು ಬಿಡುವುದು ಬೇಡ. ಆದರೆ ಗುಡ್ಡ, ಹುಲ್ಲು, ಮರಗಳಿಗೆ ಮಾತ್ರ ಅದು ಸರಿ. ಇಡೀ ಕೃತಿಗೆ ಅಲ್ಲ.

ನನಗೆ ಹೊಳೆದದ್ದು ನಾಟಕದವರ ‘ರಂಗಸಜ್ಜಿಕೆ’. ಅದರಿಂದ ‘ರಂಗ’ ಬಿಟ್ಟು, ಬರೀ ‘ಸಜ್ಜಿಕೆ’. ಇದು ಸುಮ್ನೆ ಹತ್ತಿರದ ಪದ ಅಂತ ಎತ್ತಿಕೊಂಡದ್ದಲ್ಲ. ಡಾಗೇರ್ ನಾಟಕದ ಪರದೆ ಬರೆಯುತ್ತಿದ್ದವನೇ. ಇವತ್ತಿನ ಪುಟ್ಟ ರೈಲುದೃಶ್ಯವೂ ಬಹಳಷ್ಟು ಸಲ ಹಾಗೇ ಇರುತ್ತದೆ. ಮುಂದೆ ಮಾತ್ರ ತೆರೆದಿರುತ್ತದೆ, ಮೂರು ಕಡೆ ಮುಚ್ಚಿರುತ್ತದೆ. ಹಿಂದೆ ಆಕಾಶದ ಪರದೆ. ಪಕ್ಕದಲ್ಲಿ ಒಂದು ಮನೆಯೋ ಮರಗಳ ಗುಂಪೋ ಮರೆಯಾಗಿ ನಿಂತಿರುತ್ತದೆ. ಅದರ ಸಂದಿಯಿಂದ ಗಾಡಿ ಒಳಗೆ ಬರುತ್ತದೆ. ಬರುವ ಮೊದಲು ಅದು ಎಲ್ಲಿತ್ತು? ದೃಶ್ಯದ ಹೊರಗೆ, ನೋಡುವವರಿಗೆ ಕಾಣದ ಕೆಲವು ಹಳಿಗಳ ಮೇಲೆ. ಅಲ್ಲಿ ಬೋಗಿಗಳನ್ನು ಕೈಯಿಂದಲೇ ಎತ್ತಿ ಜೋಡಿಸುತ್ತಾರೆ. ಇಂಗ್ಲಿಷಿನವರು ಆ ಜಾಗಕ್ಕೆ ‘ಫಿಡಲ್ ಯಾರ್ಡ್’ ಅನ್ನುತ್ತಾರೆ. ನಮ್ಮಲ್ಲಿ ಅದಕ್ಕೆ ‘ನೇಪಥ್ಯ’ ಇದ್ದೇ ಇದೆ! ಸಜ್ಜಿಕೆ, ಪರದೆ, ಮರೆ, ನೇಪಥ್ಯ. ಒಂದು ಪದ ಹಿಡಿದರೆ ಅದರ ಬಳಗವೇ ಕೂಡಿಕೊಂಡು ಬರುತ್ತದೆ. ಪದ ಕಟ್ಟುವಾಗ ಇಂಥ ಗೆಲುವು ಅಪರೂಪ.

ಇನ್ನೊಂದು ಕಾರಣವೂ ಇದೆ. ‘ಲೇಔಟ್’ ಎಂಬ ಮಾತು ಬೇರೆ ಇದೆ. ರೈಲು ಓಡಿಸುವುದಕ್ಕೆಂದೇ ಹಾಸಿದ ಪೂರ್ತಿ ಹಳಿಜಾಲ ಅದು. ಡಯೊರಾಮಾದಲ್ಲಿ ದೃಶ್ಯ ಮುಖ್ಯ. ಹಳಿ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೋಗಿ ನಿಂತರೂ ಆಯಿತು. ‘ರೈಲು ಲೇಔಟ್’ ಎಂದರೆ ಕನ್ನಡದ ಕಿವಿಗೆ ಸೈಟು ಹಂಚುವ ಬಡಾವಣೆ ಕೇಳಿಸುತ್ತದೆ. ‘ವಿನ್ಯಾಸ’ ಅಂದರೆ ಕಾಗದದ ನಕ್ಷೆಯಂತಾಗುತ್ತದೆ. ಲೇಔಟಿಗೆ ‘ಹಳಿಹಾಸು’, ಡಯೊರಾಮಾಕ್ಕೆ ‘ಸಜ್ಜಿಕೆ’. ಹೀಗೆ ಬೇರೆಬೇರೆ ಇಟ್ಟರೆ ಹೇಗೆ?

ಮುಂದಿನದು ‘ಸ್ಕೇಲ್’ ಮತ್ತು ‘ಗೇಜ್’. ಇವೆರಡನ್ನು ಕಲಸಿ ಬರೆಯುವುದು ಎಲ್ಲ ಕಡೆ ಇದೆ. ಕಿರುರೈಲಿನ ಗಾತ್ರಗಳಿಗೆ ಅಕ್ಷರದ ಹೆಸರುಗಳಿವೆ, ‘ಎನ್’ ಅವುಗಳಲ್ಲೊಂದು. ಅದನ್ನು ‘ಎನ್ ಸ್ಕೇಲ್’ ಅಂತಲೂ ಅನ್ನುತ್ತಾರೆ, ‘ಎನ್ ಗೇಜ್’ ಅಂತಲೂ ಅನ್ನುತ್ತಾರೆ. ಆದರೆ ಎರಡೂ ಒಂದಲ್ಲ. ಸ್ಕೇಲ್ ಅಂದರೆ ಕಿರುರೈಲು ಅಸಲಿನ ಎಷ್ಟನೇ ಪಾಲು ಅನ್ನುವುದು. ಗೇಜ್ ಅಂದರೆ ಎರಡು ಹಳಿಗಳ ಒಳಅಂಚುಗಳ ನಡುವಿನ ದೂರ. ಎನ್‌ನಲ್ಲಿ ಹಳಿಗಳ ದೂರ 9 ಮಿಲಿಮೀಟರ್, ಪಾಲು 1:160. ಅಸಲು ರೈಲಿನ ಸ್ಟ್ಯಾಂಡರ್ಡ್ ಗೇಜಿನ 1435 ಮಿಲಿಮೀಟರನ್ನು 160ರಿಂದ ಭಾಗಿಸಿದರೆ ಹೆಚ್ಚುಕಡಿಮೆ 9 ಬರುತ್ತದೆ. ಇಲ್ಲಿಯವರೆಗೆ ಸರಿ. ಈಗ ಅದೇ 9 ಮಿಲಿಮೀಟರ್ ಹಳಿಯ ಮೇಲೆ 1:87ರ ಗಾಡಿ ಕೂರಿಸಿ. ಅಸಲಿನ ಲೆಕ್ಕದಲ್ಲಿ ಹಳಿಗಳ ದೂರ 783 ಮಿಲಿಮೀಟರ್ ಆಗುತ್ತದೆ. ಅದು ಬೆಟ್ಟ ಹತ್ತುವ ನ್ಯಾರೋ ಗೇಜ್ ರೈಲು! ಹಳಿ ಅದೇ, ಲೋಕ ಬೇರೆ. ಪುಟ್ಟ ಸಜ್ಜಿಕೆ ಕಟ್ಟುವವರಿಗೆ ಈ ಉಪಾಯ ತುಂಬ ಇಷ್ಟ. ಸಣ್ಣ ಹಳಿ ಬಿಗಿಯಾದ ತಿರುವಿನಲ್ಲೂ ಬಾಗುತ್ತದೆ, ಜಾಗ ಉಳಿಯುತ್ತದೆ. ಆದ್ದರಿಂದ ಒಂದೇ ಪದದಲ್ಲಿ ಎರಡನ್ನೂ ಹೇಳಲು ಹೋಗಬಾರದು.

ಗೇಜಿಗೆ ‘ಹಳಿಯಗಲ’ ಅನ್ನಬಹುದೇ? ಒಂದೇ ಹಳಿಯ ದಪ್ಪ ಎಂದು ಯಾರಾದರೂ ತಿಳಿದಾರು ಅನ್ನುವ ಅನುಮಾನ ಇದೆ. ‘ಬ್ರಾಡ್ ಗೇಜ್’, ‘ಮೀಟರ್ ಗೇಜ್’ ಎಲ್ಲರಿಗೂ ಗೊತ್ತು. ಹಾಗಾಗಿ ‘ಗೇಜ್’ ಹಾಗೇ ಇರಲಿ ಎನ್ನುವುದಕ್ಕೂ ನಾನು ಸಿದ್ಧ. ಸ್ಕೇಲ್ ಮಾತ್ರ ಬದಲಾಗಲೇಬೇಕು. ನಮಗೆ ಅದು ಗೆರೆ ಎಳೆಯುವ ಪಟ್ಟಿ. ‘ಪ್ರಮಾಣ’ ನಕ್ಷೆಗಳಲ್ಲಿ ಇದೆ, ಸರಿಯೂ ಹೌದು. ಆದರೂ ನನಗೆ ‘ಪಾಲು’ ಹೆಚ್ಚು ಹಿಡಿಸುತ್ತದೆ. ‘ನೂರಅರವತ್ತರ ಪಾಲು’ ಅಂದ ಕೂಡಲೇ ಲೆಕ್ಕ ಕಣ್ಣಿಗೆ ಕಟ್ಟುತ್ತದೆ. 1 ಮೀಟರ್ 70 ಸೆಂಟಿಮೀಟರ್ ಎತ್ತರದ ಮನುಷ್ಯ ಅಲ್ಲಿ 1 ಸೆಂಟಿಮೀಟರಿಗಿಂತ ಒಂದಿಷ್ಟು ಜಾಸ್ತಿ. 1972ರಲ್ಲಿ ಜರ್ಮನಿಯ ಕಿರುರೈಲು ಕಂಪನಿ ಮಾರ್ಕ್ಲಿನ್ ತಂದ ‘ಝಡ್’ ಗಾತ್ರದಲ್ಲಿ ಪಾಲು 1:220. ಅಲ್ಲಿ ಅದೇ ಮನುಷ್ಯ 8 ಮಿಲಿಮೀಟರೂ ಇಲ್ಲ. ಟಿ ಎಂಬ ಬಲು ಸಣ್ಣದರಲ್ಲಿ ಪಾಲು 1:450, ಹಳಿಗಳ ನಡುವೆ 3 ಮಿಲಿಮೀಟರ್. 20 ಮೀಟರ್ ಬೋಗಿ ಅಲ್ಲಿ ನಾಲ್ಕೂವರೆ ಸೆಂಟಿಮೀಟರ್ ಕೂಡ ಆಗುವುದಿಲ್ಲ.

ಹಳೆಯ ಲೆಕ್ಕದ ಪದಗಳು ಬಲ್ಲವರಿಗೆ ಒಂದು ಮಾತು. ವೀಸ ಅಂದರೆ ಹದಿನಾರರಲ್ಲಿ ಒಂದು, ಅರೆವೀಸ ಅಂದರೆ ಮೂವತ್ತೆರಡರಲ್ಲಿ ಒಂದು, ಕಾಣಿ ಅಂದರೆ ಅರವತ್ತನಾಲ್ಕರಲ್ಲಿ ಒಂದು. ಒಂದನೇ ನಂಬರ್ ಗೇಜಿನ ಪಾಲು 1:32. ಎಸ್ ಎಂಬುದರ ಪಾಲು 1:64. ಅಂದರೆ ಅರೆವೀಸದ ರೈಲು, ಕಾಣಿ ರೈಲು! ಇವು ಬಳಕೆಗೆ ಬರುತ್ತವೆ ಎಂದು ಒತ್ತಾಯವಿಲ್ಲ. ಸಿಕ್ಕಿದ ಖುಷಿಗೆ ಹೇಳಿದೆ. ಹಾಗೆಯೇ ಮೇಲೆ ಹೇಳಿದ 1:87ರ ಪಾಲಿನ ಹೆಸರು ‘ಎಚ್‌ಓ’. ಅದರಲ್ಲಿರುವುದು ನಿಜಕ್ಕೂ ಓ ಅಕ್ಷರವಲ್ಲ, ಸೊನ್ನೆ. ‘ಸೊನ್ನೆಯ ಅರ್ಧ’, ಅಂದರೆ ಸೊನ್ನೆ ನಂಬರಿನ ಗಾತ್ರದ ಅರ್ಧ ಎಂದು ಅದರ ಅರ್ಥ. ಬರೆಯುವಾಗ ಇದನ್ನು ಹೇಗೆ ತೋರಿಸುವುದು?

ಕೆಲಸದ ಮಾತಿಗೆ ಬಂದರೆ ನಮಗೆ ಬಡತನವೇ ಇಲ್ಲ. ಹಳಿಯ ನಡುವೆ ಜಲ್ಲಿಪುಡಿ ಉದುರಿಸುತ್ತೇವೆ. ಕುಂಚದಿಂದ ಒತ್ತರಿಸುತ್ತೇವೆ. ಸೋಪು ಬೆರೆತ ನೀರು ಚಿಮುಕಿಸುತ್ತೇವೆ. ಸೋಪು ಇಲ್ಲದಿದ್ದರೆ ನೀರು ಮಣಿಮಣಿಯಾಗಿ ನಿಂತು ಪುಡಿಯನ್ನೆಲ್ಲ ಕದಡುತ್ತದೆ. ಆಮೇಲೆ ತೆಳು ಮಾಡಿದ ಬಿಳಿ ಅಂಟನ್ನು ತೊಟ್ಟುತೊಟ್ಟಾಗಿ ಬಿಡುತ್ತೇವೆ. ಗುಡ್ಡಕ್ಕೆ ಪ್ಲಾಸ್ಟರ್ ಮೆತ್ತುತ್ತೇವೆ, ಬಣ್ಣ ಸವರುತ್ತೇವೆ. ಬೇರೆ ಭಾಷೆಯಿಂದ ಬಂದದ್ದು ಸಾಮಾನಿನ ಹೆಸರು ಮಾತ್ರ.

ಆದರೆ ಎರಡು ಕಡೆ ಎಚ್ಚರ ಬೇಕು. ‘ಸ್ಟ್ಯಾಟಿಕ್ ಗ್ರಾಸ್’ ಅನ್ನುವುದನ್ನು ‘ಸ್ಥಿರ ಹುಲ್ಲು’ ಎಂದರೆ ತಪ್ಪು. ಅಲ್ಲಿ ಸ್ಟ್ಯಾಟಿಕ್ ಎಂದರೆ ಸ್ಥಿರವಿದ್ಯುತ್ತು. ಕೆಲವೇ ಮಿಲಿಮೀಟರ್ ಉದ್ದದ ನೈಲಾನ್ ಎಳೆಗಳಿಗೆ ವಿದ್ಯುತ್ತು ತಾಗಿಸಿ ಉದುರಿಸಿದರೆ ಅವು ಅಂಟಿನ ಮೇಲೆ ನೆಟ್ಟಗೆ ನಿಲ್ಲುತ್ತವೆ. ‘ನಿಲುಹುಲ್ಲು’ ಎಂದರೆ ಸಾಕಲ್ಲವೇ? ಇನ್ನು ‘ವೆದರಿಂಗ್’. ಹೊಸ ಗಾಡಿಗೆ ಮಳೆ, ಬಿಸಿಲು, ಹೊಗೆ ಕಂಡ ಕಳೆ ಬರಿಸುವ ಕೆಲಸ. ‘ಮಾಸಲು ಬಣ್ಣ’ ಎಂಬಲ್ಲಿ ‘ಮಾಸು’ ಇದೆ. ಅದರಿಂದ ‘ಮಾಸಿಸು’ ಮಾಡಿಕೊಳ್ಳಬಹುದು. ಹಳಿಯ ಪಕ್ಕಗಳಿಗೆ ಹಚ್ಚುವುದು ತುಕ್ಕಿನ ಬಣ್ಣ. ಅದನ್ನು ‘ಕಿಲುಬು’ ಅನ್ನಬಾರದು, ಕಿಲುಬು ಹಿಡಿಯುವುದು ತಾಮ್ರ, ಹಿತ್ತಾಳೆಗೆ. ಹಳಿಯ ನೆತ್ತಿಯನ್ನು ಮಾತ್ರ ಒರೆಸಿ ಹೊಳೆಯುವಂತೆ ಬಿಡುತ್ತಾರೆ. ಅಸಲಿನಲ್ಲಿ ಗಾಲಿ ಉಜ್ಜಿ ಹೊಳೆಯುತ್ತದೆ. ಕಿರುರೈಲಿನಲ್ಲಿ ಮೋಟಾರಿಗೆ ವಿದ್ಯುತ್ತು ಹೋಗುವುದೂ ಆ ನೆತ್ತಿಯಿಂದಲೇ.

ಕೊನೆಯದಾಗಿ ನನಗೆ ಏನೂ ಹೊಳೆಯದ ಒಂದು ಪದ. ನೆಲ ತಗ್ಗಿರುವಲ್ಲಿ ಮಣ್ಣು ಏರಿಸಿ ಹಳಿ ಹಾಸಿದರೆ ಅದು ‘ಏರಿ’, ಸಂದೇಹವಿಲ್ಲ. ನೆಲ ಎತ್ತರವಿದ್ದು, ಗುಡ್ಡವನ್ನು ಸೀಳಿ ಎರಡೂ ಕಡೆ ಗೋಡೆ ಬಿಟ್ಟು ಹಳಿ ಹಾಸಿದರೆ? ಇಂಗ್ಲಿಷಿನಲ್ಲಿ ‘ಕಟಿಂಗ್’. ‘ಕೊರಕಲು’ ನೀರು ಕೊರೆದದ್ದು. ‘ಕಣಿವೆ’ ತಾನಾಗಿ ಇರುವುದು. ಮನುಷ್ಯರು ಕಡಿದು ಮಾಡಿದ ಇಂಥ ದಾರಿಗೆ ನಿಮ್ಮ ಮಾತಿನಲ್ಲಿ ಏನನ್ನುತ್ತೀರಿ? ರಸ್ತೆ ಕೆಲಸದವರು, ಕಾಲುವೆ ತೋಡುವವರು ಬಳಸುವ ಪದ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ‘ಸಜ್ಜಿಕೆ’ಯನ್ನು ‘ರಂಗ’ ಬಿಟ್ಟು ಒಂಟಿಯಾಗಿ ಬಳಸಿದ ಉದಾಹರಣೆ ಕಂಡಿದ್ದರೆ ಅದನ್ನೂ ಬರೆಯಿರಿ.