ಅಪ್‌ಡೇಟ್: ರಾಗಿ ಕ್ಯಾಲೋರಿ ಯಾಕೆ ಅಷ್ಟೊಂದು ತೋರಿಸ್ತಿತ್ತು ಅಂತ ಗೊತ್ತಾಯ್ತು

ಡಯಟ್ ಸರ್ವೆಗೆ ಬಳಸೋ ಸಾಫ್ಟ್‌ವೇರ್ ಅಪ್‌ಡೇಟ್ ಆದ್ಮೇಲೆ 100 ಗ್ರಾಂ ರಾಗಿಗೆ 1342 ಕ್ಯಾಲೋರಿ ತೋರಿಸ್ತಿದೆ ಅಂತ ಕೇಳಿದ್ದೆ ಅಲ್ವಾ, ಕಾರಣ ಸಿಕ್ತು. ಫುಡ್ ಡೇಟಾಬೇಸನ್ನ ಹೈದರಾಬಾದ್ ಎನ್‌ಐಎನ್ (ರಾಷ್ಟ್ರೀಯ ಪೋಷಣಾ ಸಂಸ್ಥೆ) ಅವರ ಐಎಫ್‌ಸಿಟಿ 2017ಕ್ಕೆ, ಅಂದ್ರೆ ಭಾರತದ ಆಹಾರಗಳ ಪೋಷಕಾಂಶ ಟೇಬಲ್‌ಗೆ ಬದಲಾಯಿಸಿದಾರೆ, ಅದ್ರಲ್ಲಿ ಎನರ್ಜಿ ಇರೋದು ಕಿಲೋಜೂಲ್‌ನಲ್ಲಿ, ಕಾಲಂ ಹೆಸರು ಮಾತ್ರ ಹಳೇದೇ, ಕ್ಯಾಲೋರಿ ಅಂತಾನೇ ಉಳ್ಕೊಂಡಿತ್ತು. ಒಂದು ಕ್ಯಾಲೋರಿ (ಕಿಲೋಕ್ಯಾಲೋರಿ) ಅಂದ್ರೆ 4.184 ಕಿಲೋಜೂಲ್, ಅದ್ರಿಂದ ಭಾಗಿಸಿದ್ರೆ ಸುಮಾರು 320 ಕ್ಯಾಲೋರಿ, ಸರಿಹೋಯ್ತು. ಡೆವಲಪರ್‌ಗೆ ಮೇಲ್ ಹಾಕಿದ್ಮೇಲೆ ಸರಿ ಮಾಡಿದ್ರು.

ಆದ್ರೆ ಇದಕ್ಕಿಂತ ಮುಖ್ಯವಾದ್ದು ಇನ್ನೊಂದಿದೆ. ಐಎಫ್‌ಸಿಟಿಲಿರೋ 528 ಆಹಾರಗಳು ಹೆಚ್ಚುಕಮ್ಮಿ ಎಲ್ಲಾ ಹಸಿ ಪದಾರ್ಥಗಳೇ, ಮುದ್ದೆ, ಬಸ್ಸಾರು ಅಂತ ಎಂಟ್ರಿ ಇಲ್ಲ. ಯಾರಾದ್ರೂ ರಾತ್ರಿ ಒಂದು ಮುದ್ದೆ ತಿಂದೆ ಅಂದ್ರೆ ಆ ಮುದ್ದೆ ತೂಕನ ರಾಗಿ ಅಂತ ಹಾಗೇ ಹಾಕಿಬಿಟ್ರೆ ಲೆಕ್ಕ ಪೂರ್ತಿ ಕೆಟ್ಟೋಗುತ್ತೆ, ಅದ್ರಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ ಇರುತ್ತೆ, ಹಾಗಾಗಿ ಎಷ್ಟು ಹಿಟ್ಟಿಗೆ ಎಷ್ಟು ಮುದ್ದೆ ಆಯ್ತು ಅಂತ ಅಡುಗೆ ಮಾಡಿದವರನ್ನೇ ಕೇಳಿ ರೆಸಿಪಿ ಸೇರಿಸ್ಕೋಬೇಕು. ದಯವಿಟ್ಟು ಇದನ್ನ ಬಿಡಬೇಡಿ.

100 ಗ್ರಾಂ ರಾಗಿಲಿರೋ ಕ್ಯಾಲ್ಸಿಯಂ ಮೊದಲಿದ್ದ ಹಳೇ ಟೇಬಲ್‌ನಲ್ಲಿ 344 ಮಿಗ್ರಾಂ, ಹೊಸದ್ರಲ್ಲಿ 364. ಎರಡನ್ನೂ ಬೆರೆಸಿದ್ರೆ ಹೋಲಿಕೆಗೆ ಅರ್ಥನೇ ಇರಲ್ಲ, ಅದಕ್ಕೆ ಮೊದಲು ಎಂಟ್ರಿ ಮಾಡಿದ್ದನ್ನೆಲ್ಲಾ ಹೊಸ ವರ್ಷನ್‌ನಲ್ಲೇ ಮತ್ತೆ ರನ್ ಮಾಡ್ತಿದೀನಿ, ಗೈಡ್ ಮೇಡಂ ಕೂಡ ಒಪ್ಪಿದಾರೆ. ಯೂನಿಟ್ ಚೆಕ್ ಮಾಡಿ ಅಂದೋರಿಗೆ ತುಂಬಾ ಥ್ಯಾಂಕ್ಸ್.