ಸಹಾಯ ಬೇಕು: ಹಳೇ ಟರ್ಕಿಶ್ ಅಲಿ ಬಾಬಾ ಚಿತ್ರಕ್ಕೆ ಸಬ್‌ಟೈಟಲ್ ಹೊಂದ್ತಿಲ್ಲ

ಎಲ್ಲರಿಗೂ ನಮಸ್ಕಾರ. 1970ರ ದಶಕದ ಒಂದು ಯೆಶಿಲ್ಚಾಮ್ (ಟರ್ಕಿಯ ಹಳೇ ಜನಪ್ರಿಯ ಚಿತ್ರೋದ್ಯಮ) ಅಲಿ ಬಾಬಾ ಚಿತ್ರಕ್ಕೆ ಕನ್ನಡ ಸಬ್‌ಟೈಟಲ್ ಮಾಡ್ತಿದೀನಿ. ಸಿಕ್ಕಿರೋ ಟರ್ಕಿಶ್ ಎಸ್‌ಆರ್‌ಟಿ (ಸಬ್‌ಟೈಟಲ್ ಫೈಲ್) ಸೆಕೆಂಡಿಗೆ 24 ಫ್ರೇಮ್ ಓಡೋ ಪ್ರತಿಗೆ ಮಾಡಿದ್ದು, ವಿಡಿಯೋ ಮಾತ್ರ 25 ಫ್ರೇಮಿನ ಟೀವಿ ಪ್ರತಿ. ಅಕ್ಷರ ಚೆಲ್ಲಾಪಿಲ್ಲಿ ಆಗಿದ್ದು ವಿಂಡೋಸ್-1254 (ಟರ್ಕಿಶ್ ಅಕ್ಷರಗಳ ಹಳೇ ಎನ್‌ಕೋಡಿಂಗ್) ಅಂತ ತೆರೆದು ಯುಟಿಎಫ್-8ಗೆ ಉಳಿಸಿದ ಮೇಲೆ ಸರಿಹೋಯ್ತು.

ಸಬ್‌ಟೈಟಲ್ ಎಡಿಟ್ ಅನ್ನೋ ತಂತ್ರಾಂಶದಲ್ಲಿ ಫ್ರೇಮ್ ರೇಟ್ 24ರಿಂದ 25ಕ್ಕೆ ಬದಲಿಸಿದೆ, ಅಂದ್ರೆ ಎಲ್ಲ ಸಮಯವೂ 0.96 ಪಟ್ಟು. ಮೊದಲ ರೀಲ್ ಕರಾರುವಾಕ್ಕಾಗಿ ಕೂತಿತು. ಆಮೇಲೆ ಒಂದೇ ಏಟಿಗೆ ಸಾಲುಗಳು ಎರಡು ಸೆಕೆಂಡ್ ತಡ, ಮುಂದಿನ ರೀಲ್‌ನಲ್ಲಿ ಇನ್ನೂ ಜಾಸ್ತಿ. ತಡ ನಿಧಾನಕ್ಕೆ ಬೆಳೀತಿಲ್ಲ, ಜಿಗೀತಿದೆ. ಹಾಗಾಗಿ ರೀಲ್ ಕೂಡೋ ಜಾಗದಲ್ಲಿ ಫ್ರೇಮ್‌ಗಳು ಹೋಗಿವೆ ಅನ್ನೋದು ಖಚಿತ. ಪಾಯಿಂಟ್ ಸಿಂಕ್ (ಕೆಲವು ಸಾಲುಗಳ ಸರಿ ಸಮಯ ಕೊಟ್ಟು ಉಳಿದದ್ದನ್ನ ಹೊಂದಿಸೋ ಸೌಲಭ್ಯ) ಹಾಕಿದ್ರೆ ಎರಡು ಬಿಂದುಗಳ ನಡುವಿನ ವ್ಯತ್ಯಾಸವನ್ನ ಸಮನಾಗಿ ಹಂಚಿಬಿಡುತ್ತೆ, ಸರಿಯಿದ್ದ ಸಾಲುಗಳೂ ಕೆಡ್ತವೆ.

ಸರಿ, ಕಡಿತದಿಂದ ಮುಂದಿನ ಸಾಲುಗಳನ್ನ ಮಾತ್ರ ಹಿಂದಕ್ಕೆ, ಅಂದ್ರೆ ಬೇಗ ಬರೋ ಹಾಗೆ, ತಳ್ಳಬೇಕು. ಆದ್ರೆ ಕಡಿತ ಎಲ್ಲಿ ಅಂತ ಹಿಡಿಯೋದೇ ಕಷ್ಟ. ಆ ಕಾಲದ ಯೆಶಿಲ್ಚಾಮ್ ಚಿತ್ರಗಳಿಗೆ ಮಾತು ಸೇರಿಸ್ತಿದ್ದದ್ದು ಆಮೇಲೆ ಸ್ಟುಡಿಯೋದಲ್ಲಿ, ಹಾಗಾಗಿ ತುಟಿ ನಂಬೋ ಹಾಗಿಲ್ಲ. ರೀಲ್ ಮುಗಿಯೋ ಮುಂಚೆ ಬಲ ಮೇಲ್ಮೂಲೆಯಲ್ಲಿ ಮಿನುಗೋ ದುಂಡು ಗುರುತೂ ಎಷ್ಟೋ ಕಡೆ ಫ್ರೇಮ್ ಜೊತೆಗೇ ಹೋಗಿದೆ. ಗುಹೆ ದೃಶ್ಯದಲ್ಲಂತೂ ಸಂಗೀತ ಒಂದೇ ಸಮ, ವೇವ್‌ಫಾರ್ಮ್‌ನಲ್ಲಿ (ಧ್ವನಿಯ ಅಲೆಚಿತ್ರ) ಏನೂ ಗೊತ್ತಾಗಲ್ಲ. 35 ಎಂಎಂ ಪ್ರಿಂಟ್‌ನಲ್ಲಿ ಒಂದು ಚಿತ್ರಕ್ಕೆ ಸೇರಿದ ಧ್ವನಿ ಫಿಲ್ಮ್ ಪಟ್ಟಿಯ ಮೇಲೆ ಆ ಚಿತ್ರಕ್ಕಿಂತ ಸುಮಾರು 20 ಫ್ರೇಮ್ ಮುಂದಿರೋದ್ರಿಂದ ಕಡಿತ ಆದಲ್ಲಿ ಎರಡೂ ಬೇರೆ ಬೇರೆ ಕಡೆ ಜಿಗೀತವೆ.

ಇಂಥ ಪ್ರಿಂಟ್ ಮೇಲೆ ಕೆಲಸ ಮಾಡಿದವರು ಹೇಳಿ: ಸಾಲುಗಳನ್ನ ಚಿತ್ರ ಜಿಗಿಯೋ ಫ್ರೇಮ್‌ನಿಂದ ಸರಿಸಬೇಕಾ, ಧ್ವನಿ ಜಿಗಿಯೋ ಜಾಗದಿಂದ ಸರಿಸಬೇಕಾ? ಸಂಗೀತದ ಅಡಿ ಮುಚ್ಚಿಹೋದ ಕಡಿತವನ್ನ ಹುಡುಕೋದು ಹೇಗೆ?