ಪ್ರಶ್ನೋತ್ತರ: ಗೂಗಲ್, ಕ್ರೋಮ್ ಎರಡೂ ಒಂದೇ ಅಲ್ವಾ?

ಪ್ರಶ್ನೆ (ಸಿಂಧನೂರು ತಾಲ್ಲೂಕಿನ ಸದಸ್ಯರು): ಸರ್, ನಾನು ಭತ್ತ ಬೆಳೆಯುವವನು. ಬೆಳೆ ಸಾಲಕ್ಕೆ ಪಹಣಿ ಬೇಕಿತ್ತು. ಮೊಬೈಲಿನಲ್ಲಿ ಗೂಗಲ್ ತೆಗೆದು 'ಪಹಣಿ' ಅಂತ ಹಾಕಿ, ಮೇಲೆ ಬಂದ ಮೊದಲನೆಯದನ್ನೇ ಒತ್ತಿದೆ. 249 ರೂಪಾಯಿ ಕಟ್ಟಿಸಿಕೊಂಡಿತು, ಪಹಣಿ ಬರಲಿಲ್ಲ. 'ಕ್ರೋಮ್‌ನಲ್ಲಿ ಅಡ್ರೆಸ್ ನೋಡಬೇಕಿತ್ತಪ್ಪ' ಅಂತಾಳೆ ಮಗಳು. ಗೂಗಲ್, ಕ್ರೋಮ್ ಎರಡೂ ಒಂದೇ ಅಲ್ವಾ?

ಉತ್ತರ (ಗಂಗಾವತಿಯ ಕಂಪ್ಯೂಟರ್ ಶಿಕ್ಷಕ): ಮೊದಲು ದುಡ್ಡಿನ ವಿಷಯ. ಈಗಲೇ 1930ಕ್ಕೆ ಫೋನ್ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ. ದುಡ್ಡು ಕಟ್ಟಿದ ಮೆಸೇಜ್ ಅಳಿಸಬೇಡಿ, ಬ್ಯಾಂಕಿಗೂ ತಿಳಿಸಿ. ಸಣ್ಣ ಮೊತ್ತ ಅಂತ ಸುಮ್ನೆ ಬಿಡಬೇಡಿ.

ಎರಡೂ ಒಂದೇ ಅಲ್ಲ. ಕ್ರೋಮ್ ಒಂದು ಬ್ರೌಸರ್, ಅಂದರೆ ವೆಬ್‌ಸೈಟುಗಳನ್ನು ತೆರೆದು ತೋರಿಸುವ ಆ್ಯಪ್. ಫೈರ್‌ಫಾಕ್ಸ್, ಎಡ್ಜ್, ಸಫಾರಿ, ಒಪೆರಾ ಮಾಡುವುದೂ ಇದೇ ಕೆಲಸ. ಗೂಗಲ್ ಸರ್ಚ್ ಆ ಬ್ರೌಸರಿನೊಳಗೆ ತೆರೆಯುವ ಒಂದು ವೆಬ್‌ಸೈಟ್, ಬೇರೆ ವೆಬ್‌ಸೈಟ್ ಎಲ್ಲಿವೆ ಅಂತ ಹುಡುಕಿಕೊಡುತ್ತದೆ. ಎರಡನ್ನೂ ಮಾಡಿದ್ದು ಒಂದೇ ಕಂಪನಿ, ಅದಕ್ಕೇ ಇಷ್ಟು ಗೊಂದಲ.

ಗೂಗಲ್‌ನಲ್ಲಿ ಹುಡುಕುವುದು ಬಸ್‌ಸ್ಟ್ಯಾಂಡಿನಲ್ಲಿ ಇಳಿದು 'ತಾಲ್ಲೂಕು ಕಚೇರಿ ಎಲ್ಲಿ?' ಅಂತ ಕೇಳಿದ ಹಾಗೆ. ಮೊದಲು ಓಡಿ ಬಂದವನು ಸರಿಯಾದ ಕಡೆಗೇ ಕರೆದುಕೊಂಡು ಹೋಗುತ್ತಾನೆ ಅಂತ ಹೇಳೋಕಾಗಲ್ಲ. ಮೇಲೆ ಬರುವ ಒಂದೆರಡು ಸಾಲು ಎಷ್ಟೋ ಸಲ ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತು. ಅಲ್ಲೇ ಸಣ್ಣ ಅಕ್ಷರದಲ್ಲಿ 'ಪ್ರಾಯೋಜಿತ' ಅಂತ ಇರುತ್ತದೆ. ನೀವು ಒತ್ತಿದ್ದು ಅದೇ ಇರಬಹುದು.

ಅದೇ ಸದಸ್ಯರು: ಹಾಗಾದರೆ ಸರ್ಕಾರದ್ದು ಯಾವುದು ಅಂತ ಗೊತ್ತಾಗುವುದು ಹೇಗೆ? ನಾನು ನೋಡಿದ್ದರಲ್ಲೂ 'ಕರ್ನಾಟಕ' ಅಂತ ಇತ್ತು, ಲಾಂಛನವೂ ಇತ್ತು.

ಉತ್ತರ: ಲಾಂಛನ ನಂಬಬೇಡಿ, ಅದನ್ನು ಯಾರು ಬೇಕಾದರೂ ಅಂಟಿಸಬಹುದು. ಬ್ರೌಸರಿನ ಮೇಲಿನ ಪಟ್ಟಿಯಲ್ಲಿರುವ ಅಡ್ರೆಸ್ ಓದಿ. ಮೊಬೈಲಿನಲ್ಲಿ ಅದು ಅರ್ಧ ಮಾತ್ರ ಕಾಣಬಹುದು, ಆಗ ಪಟ್ಟಿಯ ಮೇಲೆ ಒಮ್ಮೆ ಒತ್ತಿದರೆ ಪೂರ್ತಿ ಕಾಣುತ್ತದೆ.

ಅಂಚೆ ವಿಳಾಸದಲ್ಲಿ ಮೊದಲು ಹೆಸರು, ಆಮೇಲೆ ಊರು, ತಾಲ್ಲೂಕು, ಕೊನೆಗೆ ಜಿಲ್ಲೆ ಬರೆಯುತ್ತೇವಲ್ಲ, ವೆಬ್ ಅಡ್ರೆಸ್ಸೂ ಹಾಗೇ ಇರುತ್ತದೆ. ಕೊನೆಯಿಂದ ಹಿಂದಕ್ಕೆ ಓದಬೇಕು. ಪಹಣಿಯ ಸೈಟ್ ಲ್ಯಾಂಡ್‌ರೆಕಾರ್ಡ್ಸ್ ಡಾಟ್ ಕರ್ನಾಟಕ ಡಾಟ್ ಗವ್ ಡಾಟ್ ಇನ್. ಕೊನೆಯ 'ಇನ್' ಅಂದರೆ ಭಾರತ. ಅದರ ಹಿಂದಿನ 'ಗವ್' ಅಂದರೆ ಸರ್ಕಾರ. ಆಮೇಲೆ ರಾಜ್ಯ, ಆಮೇಲೆ ಭೂದಾಖಲೆ. 'ಗವ್ ಡಾಟ್ ಇನ್' ಸರ್ಕಾರದವರಿಗೆ ಮಾತ್ರ ಸಿಗುತ್ತದೆ, 'ಎನ್ಐಸಿ ಡಾಟ್ ಇನ್' ಕೂಡ ಹಾಗೇ.

ಮೋಸ ಮಾಡುವವರು 'ಕರ್ನಾಟಕ', 'ಗವ್' ಎಂಬ ಪದಗಳನ್ನು ಮುಂದೆ ಇಟ್ಟು, ನಡುವೆ ಅಡ್ಡಗೆರೆ ಹಾಕಿ, ಕೊನೆಗೆ 'ಡಾಟ್ ಕಾಮ್' ಸೇರಿಸುತ್ತಾರೆ. ನಮ್ಮ ಕಣ್ಣು ಮೊದಲ ಪದವನ್ನೇ ನೋಡಿ ನಿಲ್ಲುತ್ತದೆ. ಶುರುವಿನ 'https://' ಬಿಟ್ಟು, ಆಮೇಲೆ ಮೊದಲ ಓರೆಗೆರೆ (/) ಬರುವವರೆಗಿನ ಭಾಗವೇ ವಿಳಾಸ. ಆ ಭಾಗ ಯಾವ ಪದಗಳಿಂದ ಮುಗಿಯುತ್ತದೆ ಅಂತ ನೋಡಿ.

ಪ್ರಶ್ನೆ (ಮಾನ್ವಿಯ ಸದಸ್ಯರು): ಅಡ್ರೆಸ್ಸಿನ ಪಕ್ಕ ಬೀಗದ ಗುರುತು ಇದ್ದರೆ ಸಾಕು ಅಂತ ನಮ್ಮ ಕಡೆ ಹೇಳುತ್ತಾರಲ್ಲ?

ಉತ್ತರ: ಸಾಲದು. ನೀವು ಕಳಿಸಿದ್ದನ್ನು ದಾರಿಯಲ್ಲಿ ಬೇರೆಯವರು ಓದೋಕಾಗಲ್ಲ ಅಂತಷ್ಟೇ ಆ ಬೀಗದ ಅರ್ಥ. ಆಚೆ ಕೂತವನು ಒಳ್ಳೆಯವನು ಅಂತಲ್ಲ. ಕಳ್ಳನ ಸೈಟಿಗೂ ಬೀಗ ಪುಕ್ಕಟೆ ಸಿಗುತ್ತದೆ. ಜನ ಹೀಗೆ ತಪ್ಪು ತಿಳಿಯುತ್ತಾರೆಂದೇ ಕ್ರೋಮ್ 2023ರಲ್ಲಿ ಆ ಗುರುತನ್ನು ಬದಲಿಸಿತು.

ಪ್ರಶ್ನೆ (ಬಳ್ಳಾರಿಯ ಸದಸ್ಯರು, ನಿವೃತ್ತ ಶಿಕ್ಷಕರು): ನೀಲಿ 'ಇ' ಚಿತ್ರ ಒತ್ತಿದರೆ ಇಂಟರ್ನೆಟ್ ಬರುತ್ತಿತ್ತು. ಹೊಸ ಕಂಪ್ಯೂಟರಿನಲ್ಲಿ ಅದು ಇಲ್ಲವೇ ಇಲ್ಲ.

ಉತ್ತರ: ಅದು ಇಂಟರ್ನೆಟ್ ಎಕ್ಸ್‌ಪ್ಲೋರರ್ ಎಂಬ ಬ್ರೌಸರ್, ಗುರುಗಳೇ. 1995ರಲ್ಲಿ ಬಂತು, 2022ರ ಜೂನ್‌ನಲ್ಲಿ ಮೈಕ್ರೋಸಾಫ್ಟ್ ನಿಲ್ಲಿಸಿತು. ಅದರ ಜಾಗದಲ್ಲಿ ಎಡ್ಜ್ ಇದೆ, ಅಲೆಯ ಹಾಗೆ ಸುತ್ತಿದ ನೀಲಿ ಹಸಿರು ಚಿತ್ರ.

ಪ್ರಶ್ನೆ (ಕುಷ್ಟಗಿಯ ಸದಸ್ಯೆ): ಮೊಬೈಲಿನಲ್ಲಿ ದಿನಕ್ಕೆ ಹತ್ತು ಸಲ 'ನಿಮ್ಮ ಫೋನಿಗೆ ವೈರಸ್ ಬಂದಿದೆ' ಅಂತ ಬರುತ್ತದೆ. ರಿಪೇರಿಗೆ ಕೊಡಬೇಕಾ?

ಉತ್ತರ: ಈಗಲೇ ಬೇಡ, ಅಕ್ಕ. ಇದು ಹೆಚ್ಚಾಗಿ ವೈರಸ್ ಆಗಿರುವುದಿಲ್ಲ. ಯಾವುದೋ ಸೈಟ್ 'ಅಧಿಸೂಚನೆ ಕಳಿಸಲೇ?' ಅಂತ ಕೇಳಿದಾಗ ನಾವು ಓದದೆ 'ಅನುಮತಿಸಿ' ಒತ್ತಿರುತ್ತೇವೆ. ಅಂದಿನಿಂದ ಅದು ಬ್ರೌಸರಿನ ಮೂಲಕ ಹೆದರಿಸುತ್ತಾ ಇರುತ್ತದೆ. ಆ ಮೆಸೇಜನ್ನು ಒತ್ತಬೇಡಿ. ಕ್ರೋಮ್ ತೆರೆಯಿರಿ, ಮೂಲೆಯ ಮೂರು ಚುಕ್ಕಿ, ಸೆಟ್ಟಿಂಗ್, ಸೈಟ್ ಸೆಟ್ಟಿಂಗ್, ಅಧಿಸೂಚನೆ. ಅಲ್ಲಿ ಅನುಮತಿ ಪಡೆದ ಸೈಟುಗಳ ಪಟ್ಟಿ ಇರುತ್ತದೆ, ಗುರುತಿಲ್ಲದ್ದನ್ನೆಲ್ಲ ನಿಲ್ಲಿಸಿ. ನನ್ನ ಹತ್ತಿರ ಬಂದ ಒಬ್ಬ ಅಮ್ಮನ ಫೋನಿನಲ್ಲಿ ಇಂಥವು ಹದಿನೇಳು ಇದ್ದವು. ಎರಡು ನಿಮಿಷದ ಕೆಲಸಕ್ಕೆ ಅವರು ವಾರವೆಲ್ಲ ಹೆದರಿಕೊಂಡು ಕೂತಿದ್ದರು. ನನಗೆ ತುಂಬ ಬೇಜಾರಾಯಿತು. ಇದನ್ನು ಮನೆಯ ಹಿರಿಯರ ಫೋನಿನಲ್ಲಿ ನೀವೇ ಒಮ್ಮೆ ನೋಡಿಬಿಡಿ. ಇಷ್ಟಾದ ಮೇಲೂ ಬಂದರೆ ಸ್ಕ್ರೀನ್‌ಶಾಟ್ ಇಲ್ಲಿ ಹಾಕಿ.

ಸಿಂಧನೂರಿನ ಸದಸ್ಯರು (ಮರುದಿನ): 1930ಕ್ಕೆ ಹೇಳಿದೆ ಸರ್, ದೂರು ಬರೆದುಕೊಂಡರು. ನೀವು ಹೇಳಿದ ಅಡ್ರೆಸ್ಸನ್ನು ಮೇಲಿನ ಪಟ್ಟಿಯಲ್ಲೇ ಟೈಪ್ ಮಾಡಿದೆ. ಗವ್ ಡಾಟ್ ಇನ್ ನೋಡಿಕೊಂಡೇ ಒಳಗೆ ಹೋದೆ. ಜಿಲ್ಲೆ, ತಾಲ್ಲೂಕು, ಹೋಬಳಿ, ಊರು, ಸರ್ವೆ ನಂಬರ್ ಹಾಕಿದೆ. 'ಸರ್ನಾಕ್' ಅಂತ ಕೇಳುತ್ತಿದೆ, ಒತ್ತಿದರೆ ಖಾಲಿ.

ಉತ್ತರ: ಸರಿಯಾದ ಜಾಗಕ್ಕೇ ಹೋಗಿದ್ದೀರಿ, ಬಹಳ ಖುಷಿಯಾಯಿತು. ಸರ್ನಾಕ್ ಅಂದರೆ ಸರ್ವೆ ನಂಬರಿನ ಜೊತೆಗಿರುವ ಉಪಗುರುತು. ಸರ್ವೆ ನಂಬರಿನ ಪಕ್ಕದ 'ಗೋ' ಒತ್ತಿ, ಆಮೇಲೇ ಅದು ತೆರೆಯುತ್ತದೆ. ಸಾಮಾನ್ಯವಾಗಿ ಒಂದು ನಕ್ಷತ್ರದ ಗುರುತು ಇರುತ್ತದೆ, ಅದನ್ನೇ ಆರಿಸಿ. ಆಮೇಲೆ ನಿಮ್ಮ ಹಿಸ್ಸಾ ನಂಬರ್, ಅಂದರೆ ಆ ಸರ್ವೆ ನಂಬರಿನೊಳಗೆ ನಿಮ್ಮ ಪಾಲಿನ ನಂಬರ್.